ರಟ್ಟಿ ಬ್ಯಾನಿ, ಹೆಗಲ ಕಾರಣ

ಜುಲೈ ತಿಂಗಳಲ್ಲಿ ಹಾವೇರಿ ಜಿಲ್ಲೆಯ ಚಿಕ್ಕೇರೂರಿನ ಸುತ್ತಮುತ್ತ ಗೋವಿನಜೋಳ ಮೊಣಕಾಲೆತ್ತರ ಬರುವ ಹೊತ್ತಿಗೆ ರೈತರ ಬೆನ್ನಿಗೆ ಔಷಧಿ ಪಂಪು ಏರುತ್ತದೆ. 2018ರ ಮೇ ತಿಂಗಳಲ್ಲಿ ಪಕ್ಕದ ಶಿವಮೊಗ್ಗ ಜಿಲ್ಲೆಯಲ್ಲಿ ದೇಶದಲ್ಲೇ ಮೊದಲ ಸಲ ಕಾಣಿಸಿಕೊಂಡ ಲದ್ದಿ ಹುಳು ಗೋವಿನಜೋಳದ ಬೇಸಾಯವನ್ನೇ ಬದಲಿಸಿತು. ಹುಳು ಸುಳಿಯೊಳಗೆ ಅಡಗುತ್ತದೆ. ಸುಳಿಗೇ ಗುರಿಯಿಟ್ಟು ಹೊಡೆಯಬೇಕು. ಬೆಳೆ ಎದೆಯೆತ್ತರ ಆದಂತೆ ನಳಿಗೆ ಹಿಡಿದ ಕೈಯೂ ಭುಜದ ಮಟ್ಟಕ್ಕೆ ಏರುತ್ತದೆ. ಟ್ಯಾಂಕಿನಲ್ಲಿ 16 ಲೀಟರ್ ಹಿಡಿದರೆ ನೀರಿನ ತೂಕವೇ 16 ಕಿಲೊ, ಪಂಪಿನ ತೂಕ ಬೇರೆ. ಕೈಪಂಪಾದರೆ ಒಂದು ಕೈ ಎಡೆಬಿಡದೆ ಹಿಡಿಕೆ ಒತ್ತುತ್ತಿರಬೇಕು, ಇನ್ನೊಂದು ಕೈ ನಳಿಗೆಯನ್ನು ಮೇಲೆತ್ತಿ ಹಿಡಿದೇ ಇರಬೇಕು. ಎರಡು ಕೈಗಳಿಗೆ ಎರಡು ಬೇರೆ ಬೇರೆ ಶಿಕ್ಷೆ.

ವಾರ ಕಳೆಯುವಷ್ಟರಲ್ಲಿ ಮಾತು ಶುರುವಾಗುತ್ತದೆ: "ರಟ್ಟಿ ಬ್ಯಾನಿ ಹತ್ತೇತ್ರಿ, ರಾತ್ರಿ ಮಗ್ಗಲಾ ಹಾಕಾಕ ಬರವಲ್ದು." ರಟ್ಟೆಗೆ ಎಣ್ಣೆ ಹಚ್ಚಿ ತಿಕ್ಕುತ್ತಾರೆ, ಬಿಸಿನೀರು ಹಾಕುತ್ತಾರೆ, ಅಂಗಡಿಯಿಂದ ಎರಡು ಗುಳಿಗೆ ತರುತ್ತಾರೆ. ವಾಯು ಹಿಡಿದಿದೆ ಅನ್ನುತ್ತಾರೆ. ಕಡಿಮೆಯಾಗದಿದ್ದರೆ ಕೈಗೆ ವಿಶ್ರಾಂತಿ ಬೇಕೆಂದು ಅಲುಗಾಡಿಸುವುದನ್ನೇ ಬಿಡುತ್ತಾರೆ. ಇದರಲ್ಲಿ ಎರಡು ಕಡೆ ದಾರಿ ತಪ್ಪುತ್ತದೆ. ಮೊದಲನೆಯದು, ಬಹುತೇಕ ಸಂದರ್ಭಗಳಲ್ಲಿ ರಟ್ಟೆಯಲ್ಲಿ ಕಾಣಿಸುವ ಈ ನೋವಿನ ಮೂಲ ರಟ್ಟೆಯಲ್ಲಿಲ್ಲ, ಅದಕ್ಕಿಂತ ಒಂದು ಗೇಣು ಮೇಲೆ ಹೆಗಲ ಕೀಲಿನಲ್ಲಿದೆ. ಎರಡನೆಯದು, ಆಡಿಸದೆ ಬಿಟ್ಟ ಹೆಗಲು ಬಿಗಿದುಕೊಳ್ಳುತ್ತದೆ. ಬಿಗಿದ ಹೆಗಲನ್ನು ಮತ್ತೆ ಸಡಿಲಿಸುವುದು ಮೊದಲಿನ ನೋವನ್ನು ವಾಸಿ ಮಾಡುವುದಕ್ಕಿಂತ ಕಷ್ಟ. ಈ ಎರಡು ವಿಷಯ ತಿಳಿದಿದ್ದರೆ ಹೆಗಲು ನೋವಿನ ಅರ್ಧ ತೊಂದರೆಯನ್ನು ಮನೆಯಲ್ಲೇ ತಡೆಯಬಹುದು ಎಂಬುದು ನನ್ನ ನಂಬಿಕೆ. ಉಳಿದರ್ಧಕ್ಕೆ ಯಾವಾಗ ವೈದ್ಯರ ಬಳಿ ಹೋಗಬೇಕು ಎಂಬ ತಿಳಿವಳಿಕೆ ಬೇಕು.

ಹೆಗಲೊಳಗೆ ಏನಿದೆ

ತೋಳಿನ ಎಲುಬು, ಬೆನ್ನಿನ ಮೇಲ್ಭಾಗದ ರೆಕ್ಕೆ ಎಲುಬು, ಕೊರಳ ಕೆಳಗೆ ಕೈಗೆ ಸಿಗುವ ಕಾಲರ್ ಎಲುಬು ಈ ಮೂರೂ ಸೇರಿ ಹೆಗಲಾಗಿದೆ. ತೊಡೆಯ ಕೀಲಿನಲ್ಲಿ ಎಲುಬಿನ ಗುಂಡು ಆಳವಾದ ಗುಳಿಯೊಳಗೆ ಕೂತಿರುತ್ತದೆ, ಸುಲಭಕ್ಕೆ ಕದಲುವುದಿಲ್ಲ. ಹೆಗಲಿನ ಗುಳಿಗೆ ಅಂಥ ಆಳವಿಲ್ಲ. ತೋಳಿನ ಗುಂಡಿನ ಸುಮಾರು ಕಾಲು ಭಾಗದಿಂದ ಮೂರನೇ ಒಂದು ಭಾಗವಷ್ಟೇ ಯಾವುದೇ ಕ್ಷಣದಲ್ಲಿ ಗುಳಿಯನ್ನು ಮುಟ್ಟಿಕೊಂಡಿರುತ್ತದೆ. ಕೈಯನ್ನು ತಲೆಯ ಮೇಲೆ, ಬೆನ್ನ ಹಿಂದೆ, ಬೇಕಾದ ಕಡೆ ತಿರುಗಿಸಲು ಸಾಧ್ಯವಾಗಿರುವುದು ಇದರಿಂದಲೇ. ದೇಹದ ದೊಡ್ಡ ಕೀಲುಗಳಲ್ಲಿ ಹೆಗಲೇ ಹೆಚ್ಚು ಕಳಚಿಕೊಳ್ಳುವುದೂ ಇದರಿಂದಲೇ.

ಗುಂಡನ್ನು ಗುಳಿಯ ನಡುವೆ ಹಿಡಿದಿಡುವ ಕೆಲಸ ಎಲುಬಿನದಲ್ಲ, ಸ್ನಾಯುಗಳದ್ದು. ರೆಕ್ಕೆ ಎಲುಬಿನಿಂದ ಹೊರಟು ತೋಳಿನ ಗುಂಡನ್ನು ಸುತ್ತುವರಿದು ಹಿಡಿಯುವ ನಾಲ್ಕು ಸ್ನಾಯುಗಳಿವೆ. ವೈದ್ಯರು ಇವನ್ನು ಒಟ್ಟಾಗಿ ರೊಟೇಟರ್ ಕಫ್ ಎನ್ನುತ್ತಾರೆ. ಮೇಲ್ಗಡೆ ಇರುವುದು ಸುಪ್ರಾಸ್ಪೈನೇಟಸ್. ಕೈಯನ್ನು ಪಕ್ಕಕ್ಕೆ ಎತ್ತಲು ಮೊದಲು ಹೊರಡುವುದು ಅದು. ಹಿಂದುಗಡೆ ಇರುವ ಇನ್‌ಫ್ರಾಸ್ಪೈನೇಟಸ್ ಮತ್ತು ಟೆರಿಸ್ ಮೈನರ್ ತೋಳನ್ನು ಹೊರಕ್ಕೆ ತಿರುಗಿಸುತ್ತವೆ. ರೆಕ್ಕೆ ಎಲುಬಿನ ಒಳಮುಖದಿಂದ ಮುಂದಕ್ಕೆ ಬರುವ ಸಬ್‌ಸ್ಕ್ಯಾಪುಲಾರಿಸ್ ಒಳಕ್ಕೆ ತಿರುಗಿಸುತ್ತದೆ. ಹೊರಗಿನಿಂದ ಕಣ್ಣಿಗೆ ಕಾಣುವ ಭುಜದ ದಪ್ಪ ಸ್ನಾಯು ಡೆಲ್ಟಾಯ್ಡ್. ಅದು ಬಲಶಾಲಿ. ತೋಳನ್ನು ಮೇಲಕ್ಕೆ ಎಳೆಯುವಾಗ ಗುಂಡನ್ನೂ ಮೇಲಕ್ಕೆ ಎಳೆದುಬಿಡುತ್ತದೆ. ಆ ಎಳೆತಕ್ಕೆ ಎದುರಾಗಿ ಗುಂಡನ್ನು ಕೆಳಗೆ, ಗುಳಿಯ ನಡುವೆ ಅದುಮಿ ಹಿಡಿಯುವುದು ಈ ನಾಲ್ಕು ಸಣ್ಣ ಸ್ನಾಯುಗಳ ದುಡಿಮೆ. ಅವು ದಣಿದಾಗ ಗುಂಡು ಕೊಂಚ ಮೇಲೆ ಸರಿಯುತ್ತದೆ. ಅದರ ಮೇಲೆ ಹೆಗಲ ತುದಿಯ ಎಲುಬಿದೆ. ಎರಡರ ನಡುವಿನ ಇಕ್ಕಟ್ಟಿನಲ್ಲಿ ಸುಪ್ರಾಸ್ಪೈನೇಟಸ್ ಸ್ನಾಯುವನ್ನು ಎಲುಬಿಗೆ ಕಟ್ಟುವ ಹುರಿ ಮತ್ತು ಅದರ ಮೇಲಿನ ದ್ರವದ ಚೀಲ ಸಿಕ್ಕಿಕೊಂಡು ಕೆರಳುತ್ತವೆ. ಭುಜದ ಮಟ್ಟಕ್ಕಿಂತ ಮೇಲೆ ಕೈ ಎತ್ತಿ ತಾಸುಗಟ್ಟಲೆ ಮಾಡುವ ಕೆಲಸದಲ್ಲಿ ಆಗುವುದು ಬಹುಮಟ್ಟಿಗೆ ಇದೇ.

ಇನ್ನೂ ಒಂದು ಜೋಡಿಯನ್ನು ಜನ ಮರೆಯುತ್ತಾರೆ. ಕೈ ನೇರ ಮೇಲೆ ಹೋಗಲು ಬೇಕಾದ ಸುಮಾರು 180 ಡಿಗ್ರಿಯಲ್ಲಿ 120ರಷ್ಟನ್ನು ಹೆಗಲ ಕೀಲು ಕೊಟ್ಟರೆ, 60ರಷ್ಟನ್ನು ರೆಕ್ಕೆ ಎಲುಬು ಪಕ್ಕೆಗಳ ಮೇಲೆ ಜಾರಿ ತಿರುಗಿ ಕೊಡುತ್ತದೆ. ನೊಗಕ್ಕೆ ಕಟ್ಟಿದ ಜೋಡೆತ್ತಿನಂತೆ ಎರಡೂ ಒಟ್ಟಿಗೆ ಹೆಜ್ಜೆ ಹಾಕಬೇಕು, ಒಂದು ಹಿಂದುಳಿದರೆ ಇನ್ನೊಂದರ ಹೆಗಲು ಹರಿಯುತ್ತದೆ. ರೆಕ್ಕೆ ಎಲುಬನ್ನು ನಡೆಸುವವು ಕತ್ತಿನಿಂದ ಬೆನ್ನಿಗೆ ಇಳಿಯುವ ಟ್ರಪೀಜಿಯಸ್, ಎರಡು ರೆಕ್ಕೆಗಳ ನಡುವಿನ ರಾಂಬಾಯ್ಡ್, ಪಕ್ಕೆಗಳಿಗೆ ಅಂಟಿಕೊಂಡ ಸೆರೇಟಸ್ ಆಂಟೀರಿಯರ್. ಪಂಪಿನ ಪಟ್ಟಿ ಒತ್ತುವುದು ಟ್ರಪೀಜಿಯಸ್ ಮೇಲೆ. ಬೆನ್ನು ಬಾಗಿಸಿ ಎದೆ ಮುಚ್ಚಿಕೊಂಡು ಕಳೆ ತೆಗೆಯುವವರಲ್ಲಿ, ಹೊಲಿಗೆ ಯಂತ್ರದ ಮುಂದೆ ಕೂರುವವರಲ್ಲಿ, ಮೊಬೈಲಿಗೆ ಕತ್ತು ಬಾಗಿಸುವ ಹುಡುಗರಲ್ಲಿ ಈ ಬೆನ್ನಿನ ಸ್ನಾಯುಗಳು ಹಿಗ್ಗಿಹೋಗಿ ಸೋಲುತ್ತವೆ, ಎದೆಯ ಸ್ನಾಯು ಮೊಟಕಾಗುತ್ತದೆ. ಆಗ ರೆಕ್ಕೆ ಎಲುಬು ಮುಂದಕ್ಕೆ ಜೋಲುತ್ತದೆ, ಹೆಗಲ ತುದಿಯ ಕೆಳಗಿನ ಜಾಗ ಇನ್ನಷ್ಟು ಕಿರಿದಾಗುತ್ತದೆ.

ಕೀಲಿನ ನೋವು ರಟ್ಟೆಯಲ್ಲಿ ಕಾಣುವುದೇಕೆ? ಈ ಭಾಗಗಳಿಗೂ ರಟ್ಟೆಯ ಹೊರಮೈಗೂ ಕತ್ತಿನ ಒಂದೇ ನರಗಳ ಸಂಬಂಧ ಇದೆ. ಮೆದುಳು ನೋವನ್ನು ರಟ್ಟೆಯ ಲೆಕ್ಕಕ್ಕೆ ಬರೆದುಕೊಳ್ಳುತ್ತದೆ. ಅದಕ್ಕೇ ರಟ್ಟೆಯನ್ನು ಎಷ್ಟು ತಿಕ್ಕಿದರೂ ಹಾಯೆನಿಸುವುದು ಆ ಗಳಿಗೆಗೆ ಮಾತ್ರ.

ಯಾವ ಚಲನೆಯಲ್ಲಿ ನೋವು?

ಎಲ್ಲಿ ನೋವು ಎಂದು ಕೇಳುವುದಕ್ಕಿಂತ ಯಾವಾಗ, ಯಾವ ಚಲನೆಯಲ್ಲಿ ನೋವು ಎಂದು ಕೇಳಿಕೊಂಡರೆ ಹೆಚ್ಚು ತಿಳಿಯುತ್ತದೆ. ಮನೆಯಲ್ಲಿ ಇನ್ನೊಬ್ಬರನ್ನು ಎದುರಿಗೆ ನಿಲ್ಲಿಸಿಕೊಳ್ಳಿ. ಕೈಯನ್ನು ಪಕ್ಕದಿಂದ ನಿಧಾನವಾಗಿ ಮೇಲಕ್ಕೆ ಎತ್ತಿ. ಶುರುವಿನಲ್ಲಿ ನೋವಿಲ್ಲ, ಸುಮಾರು 60 ಡಿಗ್ರಿಯಿಂದ 120 ಡಿಗ್ರಿವರೆಗೆ ಚುಚ್ಚುತ್ತದೆ, ಅದನ್ನು ದಾಟಿ ಕಿವಿಯ ಹತ್ತಿರ ಬಂದಾಗ ಮತ್ತೆ ಹಗುರಾಗುತ್ತದೆ ಎಂದಾದರೆ ಹೆಗಲ ತುದಿಯ ಕೆಳಗಿನ ಹುರಿ ಕೆರಳಿರುವ ಸಂಭವ ಹೆಚ್ಚು. ಹಾನಗಲ್ಲಿನ ಮಾವಿನ ತೋಪುಗಳಲ್ಲಿ ಕೊಯ್ಲಿನ ಕಾಲಕ್ಕೆ ದಿನವಿಡೀ ಕೈ ಮೇಲೆತ್ತಿ ಕಾಯಿ ಇಳಿಸುವವರಲ್ಲಿ, ಸವಣೂರಿನ ಎಲೆತೋಟಗಳಲ್ಲಿ ಎತ್ತರದ ಬಳ್ಳಿಯಿಂದ ಎಲೆ ಬಿಡಿಸುವವರಲ್ಲಿ, ಉದ್ದನೆಯ ದೋಟಿ ಹಿಡಿದು ಅಡಿಕೆ ಗೊನೆ ಇಳಿಸುವವರಲ್ಲಿ ಈ ಬಗೆಯ ನೋವು ಬರುವುದು ಸಹಜ. ಸುಣ್ಣ ಬಣ್ಣ ಬಳಿಯುವವರು, ಎತ್ತರದ ತಂತಿಗೆ ಒದ್ದೆ ಬಟ್ಟೆ ಹರವುವ ಹೆಣ್ಣುಮಕ್ಕಳು, ಕಪ್ಪುಹಲಗೆಯ ಮೇಲ್ತುದಿಯಲ್ಲಿ ಬರೆಯುವ ಮಾಸ್ತರರು ಕೂಡ ಇದೇ ಸಾಲಿನವರು.

ಈಗ ಮೊಣಕೈಯನ್ನು ಪಕ್ಕೆಗೆ ಅಂಟಿಸಿ, ಮೊಣಕೈ ಮಡಚಿ, ಅಂಗೈಯನ್ನು ಹೊರಕ್ಕೆ ತಿರುಗಿಸಿ, ಬಾಗಿಲು ತೆರೆದಂತೆ. ನಿಮ್ಮಿಂದ ಆಗದಿದ್ದರೆ ಎದುರಿನವರು ಮೆಲ್ಲಗೆ ತಿರುಗಿಸಲಿ. ಅವರಿಂದಲೂ ಆಗದೆ ಎಲ್ಲೋ ಗೋಡೆಗೆ ತಾಗಿದ ಹಾಗೆ ನಿಂತುಬಿಟ್ಟರೆ ಅದು ಬಿಗಿದ ಹೆಗಲು, ಫ್ರೋಜನ್ ಶೋಲ್ಡರ್. ಹೆಗಲ ಕೀಲಿನ ಸವೆತದಲ್ಲೂ ಹೀಗಾಗಬಹುದು, ಎಕ್ಸ್‌ರೇ ತೆಗೆದರೆ ವ್ಯತ್ಯಾಸ ತಿಳಿಯುತ್ತದೆ. ಇನ್ನೊಬ್ಬರು ಎತ್ತಿದರೆ ಕೈ ಸಲೀಸಾಗಿ ಏರುತ್ತದೆ, ಅವರು ಬಿಟ್ಟ ಕೂಡಲೇ ತಡೆದು ಹಿಡಿಯಲಾಗದೆ ಬೀಳುತ್ತದೆ ಎಂದಾದರೆ ಹುರಿ ಹರಿದಿರಬಹುದು. ಬಿಗಿದ ಹೆಗಲೂ ಹರಿದ ಹುರಿಯೂ ನೋಯುತ್ತವೆ, ಆದರೆ ಆರೈಕೆ ಬೇರೆ ಬೇರೆ. ಈ ಒಂದು ಪರೀಕ್ಷೆಯನ್ನಾದರೂ ಎಲ್ಲರೂ ಕಲಿಯಬೇಕು.

ಒಂದೇ ಬೆರಳಲ್ಲಿ ಹೆಗಲ ನೆತ್ತಿಯನ್ನು ತೋರಿಸಿ "ಇಲ್ಲೇ" ಎನ್ನುವವರಿಗೆ, ಕೈಯನ್ನು ಎದೆಯ ಮೇಲಿಂದ ಆಚೆ ಹೆಗಲಿಗೆ ತಂದಾಗ ನೋವು ಹೆಚ್ಚಾದರೆ, ಕಾಲರ್ ಎಲುಬಿನ ತುದಿಯ ಕೀಲು ಸವೆದಿದೆ ಎಂದು ಅನುಮಾನಿಸಬೇಕು. ವರ್ಷಗಟ್ಟಲೆ ಹೆಗಲ ಮೇಲೆ ಚೀಲ ಹೊತ್ತ ಹಮಾಲರಲ್ಲಿ ಇದನ್ನು ಮರೆಯಬಾರದು. ಮುಂಭಾಗದಲ್ಲಿ, ತೋಳಿನ ನೆತ್ತಿಯ ಗೀರಿನಲ್ಲಿ ಒತ್ತಿದರೆ ನೋವಾಗುವುದು ಬೈಸೆಪ್ಸ್ ಹುರಿಯದು.

ಕತ್ತಿನ ನೋವು ಬೇರೆಯೇ ದಾರಿ ಹಿಡಿಯುತ್ತದೆ. ಕತ್ತಿನಿಂದ ಹೊರಟು ಮೊಣಕೈ ದಾಟಿ ಬೆರಳವರೆಗೆ ಇಳಿಯುವ ಸೆಳೆತ, ಜೋಮು, ಕತ್ತು ಹೊರಳಿಸಿದಾಗ ಏರುವ ನೋವು ಇದ್ದರೆ ಕತ್ತಿನ ನರ ಒತ್ತಿಕೊಂಡಿರಬಹುದು. ಕೈಯನ್ನು ನೆತ್ತಿಯ ಮೇಲೆ ಇಟ್ಟುಕೊಂಡಾಗ ಆರಾಮ ಸಿಕ್ಕಿದರೆ ಸಂಶಯ ಇನ್ನೂ ಗಟ್ಟಿ, ಏಕೆಂದರೆ ಹೆಗಲ ತೊಂದರೆ ಇದ್ದವರಿಗೆ ಆ ಭಂಗಿಯೇ ಹಿಂಸೆ.

ಹೆರಳು ಹಾಕಲು ಬಾರದಾಗ

ಬಿಗಿದ ಹೆಗಲಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಇದು 40ರಿಂದ 60ರ ವಯಸ್ಸಿನಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಹೆಂಗಸರು ಇದನ್ನು ಯಾರಿಗೂ ಹೇಳದೆ ತಿಂಗಳುಗಟ್ಟಲೆ ತಡೆಯುತ್ತಾರೆ. ನೋವಿನ ಜೊತೆಗೇ ಒಂದೊಂದೇ ಕೆಲಸ ಕೈಬಿಟ್ಟು ಹೋಗುತ್ತದೆ. ಹೆರಳು ಹಾಕಿಕೊಳ್ಳಲು ಕೈ ಹಿಂದೆ ಹೋಗುವುದಿಲ್ಲ. ಕುಪ್ಪಸ ತೊಡುವಾಗ ಮಗಳನ್ನು ಕರೆಯಬೇಕು. ನಾಗಂದಿಗೆಯ ಮೇಲಿನ ಡಬ್ಬಿ ಎಟುಕುವುದಿಲ್ಲ. ಗಂಡಸರಿಗಾದರೆ ಹಿಂದಿನ ಕಿಸೆಗೆ ಕೈ ಹೋಗುವುದಿಲ್ಲ. ರಾತ್ರಿ ಆ ಮಗ್ಗುಲಿಗೆ ಹೊರಳಿದರೆ ಎಚ್ಚರವಾಗುತ್ತದೆ.

ಕೀಲನ್ನು ಸುತ್ತಿದ ಪೊರೆ ಉರಿಗೊಂಡು ದಪ್ಪವಾಗಿ, ಸುಕ್ಕುಗಟ್ಟಿ ಕುಗ್ಗುವುದರಿಂದ ಹೀಗಾಗುತ್ತದೆ. ಅಮೆರಿಕದ ಬಾಸ್ಟನ್ನಿನ ಶಸ್ತ್ರವೈದ್ಯ ಅರ್ನೆಸ್ಟ್ ಕಾಡ್‌ಮನ್ 1934ರಲ್ಲಿ ತಮ್ಮ ಗ್ರಂಥದಲ್ಲಿ ಇದಕ್ಕೆ ಫ್ರೋಜನ್ ಶೋಲ್ಡರ್ ಎಂದು ಹೆಸರಿಟ್ಟರು. ನಮ್ಮ ಸುಶ್ರುತ ಸಂಹಿತೆ ವಾತವ್ಯಾಧಿಗಳ ನಡುವೆ ಅವಬಾಹುಕ ಎಂದು ಹೆಗಲಿನ ಇಂಥ ಕಾಯಿಲೆಯನ್ನು ಹೇಳುತ್ತದೆ. ಹೆಸರು ಯಾವುದಾದರೂ ನಡೆ ಒಂದೇ: ಮೊದಲು ನೋವು ಏರುವ ತಿಂಗಳುಗಳು, ಆಮೇಲೆ ನೋವು ಇಳಿದು ಬಿಗಿತ ಉಳಿಯುವ ತಿಂಗಳುಗಳು, ಕಡೆಗೆ ನಿಧಾನವಾಗಿ ಸಡಿಲಾಗುವ ಕಾಲ. ಎಲ್ಲ ಸೇರಿ ಒಂದರಿಂದ ಮೂರು ವರ್ಷ. ಬಹಳಷ್ಟು ಮಂದಿಗೆ ಅದು ಬಿಡುತ್ತದೆ, ಕೆಲವರಿಗೆ ಅಲ್ಪಸ್ವಲ್ಪ ಬಿಗಿತ ಉಳಿಯುತ್ತದೆ. ಆ ಮೂರು ವರ್ಷ ದುಡಿಯುವ ಹೆಣ್ಣಿಗೆ ಕಡಿಮೆ ಕಾಲವಲ್ಲ.

ಇಲ್ಲಿ ಸಕ್ಕರೆ ಕಾಯಿಲೆಯ ಸಂಗತಿ ಬರುತ್ತದೆ. ಸಾಮಾನ್ಯ ಜನರಲ್ಲಿ ನೂರಕ್ಕೆ 2ರಿಂದ 5 ಮಂದಿಗೆ ಬಿಗಿದ ಹೆಗಲು ಬಂದರೆ, ಸಕ್ಕರೆ ಕಾಯಿಲೆ ಇದ್ದವರಲ್ಲಿ ನೂರಕ್ಕೆ 10ರಿಂದ 20 ಎಂಬುದು ವೈದ್ಯಕೀಯ ಪುಸ್ತಕಗಳ ಲೆಕ್ಕ. ಎಷ್ಟೋ ಜನರಿಗೆ ತಮಗೆ ಸಕ್ಕರೆ ಇದೆ ಎಂದು ಗೊತ್ತಾಗುವುದೇ ಹೆಗಲು ಹಿಡಿದುಕೊಂಡು ಆಸ್ಪತ್ರೆಗೆ ಹೋದ ಮೇಲೆ. ಆದ್ದರಿಂದ ಏಟಾಗದೆ ಹೆಗಲು ಬಿಗಿದರೆ ಮೊದಲು ಮಾಡಬೇಕಾದ್ದು ರಕ್ತ ಪರೀಕ್ಷೆ. ಬರಿಹೊಟ್ಟೆಯಲ್ಲಿ 126 ಮಿಲಿಗ್ರಾಂ ಅಥವಾ ಹೆಚ್ಚು ಬಂದರೆ, ಅಥವಾ ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ 6.5 ಅಥವಾ ಹೆಚ್ಚು ಬಂದರೆ ಅದು ಸಕ್ಕರೆ ಕಾಯಿಲೆಯ ಮಟ್ಟ, ಇನ್ನೊಮ್ಮೆ ಪರೀಕ್ಷಿಸಿ ಖಚಿತಪಡಿಸಿಕೊಳ್ಳಬೇಕು. 30 ದಾಟಿದವರಿಗೆ ಸಕ್ಕರೆ ಮತ್ತು ರಕ್ತದೊತ್ತಡದ ತಪಾಸಣೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ಆಗುತ್ತದೆ. ಥೈರಾಯ್ಡ್ ತೊಂದರೆ ಇದ್ದವರಲ್ಲೂ ಹೆಗಲು ಬಿಗಿಯುವುದು ಹೆಚ್ಚು. ಕೈ ಮುರಿದು ಕಟ್ಟು ಹಾಕಿಸಿಕೊಂಡವರು, ಪಾರ್ಶ್ವವಾಯು ಆದವರು, ಸ್ತನದ ಶಸ್ತ್ರಚಿಕಿತ್ಸೆ ಆದವರು ಕೈ ಆಡಿಸದೆ ಇದ್ದು ಇದಕ್ಕೆ ತುತ್ತಾಗುತ್ತಾರೆ.

ತಡಮಾಡಬಾರದ ನೋವುಗಳು

ಎಡ ಹೆಗಲು, ಎಡ ರಟ್ಟೆ, ದವಡೆಯಲ್ಲಿ ಹಿಂಡಿದ ಹಾಗೆ ನೋವು, ಜೊತೆಗೆ ಎದೆಯಲ್ಲಿ ಭಾರ, ಬೆವರು, ಉಸಿರು ಕಟ್ಟುವುದು ಕಂಡರೆ ಅದನ್ನು ಹೆಗಲು ನೋವೆಂದು ತಿಳಿದು ಎಣ್ಣೆ ಹಚ್ಚುತ್ತ ಕೂರಬೇಡಿ. ಅದು ಹೃದಯದ್ದಿರಬಹುದು, ಕೂಡಲೇ 108ಕ್ಕೆ ಕರೆ ಮಾಡಿ. ಗುರುತು ಸುಲಭ: ಹೆಗಲಿನ ನೋವು ಕೈ ಆಡಿಸಿದರೆ ಏರುತ್ತದೆ, ಹೃದಯದ ನೋವಿಗೆ ಕೈ ಆಡಿಸುವುದರ ಸಂಬಂಧ ಇರುವುದಿಲ್ಲ, ನಡೆದರೆ ಏರಿ ನಿಂತರೆ ಇಳಿಯಬಹುದು. ಸಕ್ಕರೆ ಇದ್ದವರಲ್ಲಿ ಎದೆನೋವೇ ಇಲ್ಲದೆ ಹೃದಯಾಘಾತ ಆಗುವುದುಂಟು, ಹಾಗಾಗಿ ಅನುಮಾನ ಬಂದರೆ ಕಾಯಬೇಡಿ. ಬಲ ಹೆಗಲಿನ ತುದಿಯಲ್ಲಿ ಊಟದ ನಂತರ ಬರುವ ನೋವು ಪಿತ್ತಕೋಶದ ಕಲ್ಲಿನದಿರಬಹುದು. ಜ್ವರ, ತೂಕ ಇಳಿಕೆ, ಹಗಲು ರಾತ್ರಿ ಒಂದೇ ಸಮನಾದ ನೋವು ಇದ್ದರೆ ಕೀಲಿನ ಸೋಂಕು, ಕ್ಷಯ, ಗಡ್ಡೆ ಇವನ್ನು ಹುಡುಕಬೇಕಾಗುತ್ತದೆ. ಹೆಗಲ ಕೀಲಿಗೂ ಕ್ಷಯ ಬರುತ್ತದೆ ಎಂಬುದು ಜನಕ್ಕೆ ಗೊತ್ತಿಲ್ಲ. ಕೆಮ್ಮು ಇರಲೇಬೇಕೆಂದಿಲ್ಲ.

ಕಳಚಿದ ಹೆಗಲಿನ ಮಾತು ಈ ಜಿಲ್ಲೆಯ ಹುಡುಗರಿಗಾಗಿ. ದೀಪಾವಳಿಯಿಂದ ಶುರುವಾಗಿ ಹಾವೇರಿ ಜಿಲ್ಲೆಯ ಹಳ್ಳಿಗಳಲ್ಲಿ ಹೋರಿ ಬೆದರಿಸುವ ಸ್ಪರ್ಧೆಗಳು ನಡೆಯುತ್ತವೆ. ಓಡುವ ಹೋರಿಯ ಕೊರಳ ಕೊಬ್ಬರಿಗೆ ಚಾಚಿದ ಕೈ ಹಿಂದಕ್ಕೂ ಹೊರಕ್ಕೂ ತಿರುಚಿದರೆ ತೋಳಿನ ಗುಂಡು ಮುಂದಕ್ಕೆ ಜಾರುತ್ತದೆ. ಕಬಡ್ಡಿಯಲ್ಲೂ ಹೀಗೇ. ಭುಜದ ದುಂಡು ಹೋಗಿ ಚೌಕ ಕಾಣುತ್ತದೆ, ಕೈ ಕದಲಿಸಲಾಗುವುದಿಲ್ಲ. ಸ್ಥಳದಲ್ಲೇ ಯಾರೂ ಎಳೆಯಕೂಡದು. ಎಲುಬೂ ಮುರಿದಿದ್ದರೆ, ರಕ್ತನಾಳ ಅಥವಾ ನರ ಸಿಕ್ಕಿಕೊಂಡಿದ್ದರೆ ಎಳೆತದಿಂದ ಕೈಯೇ ಹೋಗಬಹುದು. ಕೈ ಇರುವ ಭಂಗಿಯಲ್ಲೇ ಟವೆಲಿನಿಂದ ಎದೆಗೆ ಕಟ್ಟಿ, ಎಕ್ಸ್‌ರೇ ಇರುವ ಆಸ್ಪತ್ರೆಗೆ ಕರೆದೊಯ್ಯಿರಿ. ಕೂರಿಸಿದ ಮೇಲೆ ವೈದ್ಯರು ಹೇಳಿದಷ್ಟು ದಿನ ಕೈ ತೂಗುಹಾಕಿ, ಆಮೇಲೆ ವ್ಯಾಯಾಮ ಮಾಡಿ ಸ್ನಾಯು ಗಟ್ಟಿ ಮಾಡಲೇಬೇಕು. ಹದಿಹರೆಯದಲ್ಲಿ, ಇಪ್ಪತ್ತರ ಆಸುಪಾಸಿನಲ್ಲಿ ಒಮ್ಮೆ ಕಳಚಿದ ಹೆಗಲು ಮತ್ತೆ ಮತ್ತೆ ಕಳಚುವ ಸಂಭವ ಬಹಳ. ವಯಸ್ಸಾದವರು ಬಿದ್ದ ಮೇಲೆ ಕೈ ಎತ್ತಲಾಗದಿದ್ದರೆ ಎಕ್ಸ್‌ರೇಯಲ್ಲಿ ಎಲುಬು ಸರಿಯಿದೆ ಎಂದು ಸುಮ್ಮನಾಗಬಾರದು. ಹುರಿ ಹರಿದದ್ದು ಎಕ್ಸ್‌ರೇಯಲ್ಲಿ ಕಾಣುವುದಿಲ್ಲ, ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಬೇಕು. ಏಟಿನಿಂದ ಹರಿದ ಹುರಿಯನ್ನು ಹೊಲಿಯುವುದಾದರೆ ವಾರಗಳೊಳಗೆ ಹೊಲಿಯುವುದು ಒಳ್ಳೆಯದು. ತಡವಾದರೆ ಸ್ನಾಯು ಕೊಬ್ಬಾಗಿ ಕುಗ್ಗುತ್ತದೆ.

ಕೆಲಸ ಬಿಡದೆ ಕೆಲಸದ ಬಗೆ ಬದಲಿಸುವುದು

ನಾಳೆಯಿಂದ ಹೊಲಕ್ಕೆ ಹೋಗಬೇಡಿ ಎನ್ನುವ ಸಲಹೆ ನಮ್ಮ ಕಡೆ ಯಾರಿಗೂ ಉಪಯೋಗವಿಲ್ಲ. ಮಾಡಬಹುದಾದ ಬದಲಾವಣೆಗಳಿವೆ. ಪಂಪಿನ ಎರಡೂ ಪಟ್ಟಿ ಹಾಕಿಕೊಳ್ಳಿ, ಒಂದೇ ಹೆಗಲಿಗೆ ನೇತುಹಾಕಬೇಡಿ. ಕಿರಿದಾದ ಪ್ಲಾಸ್ಟಿಕ್ ಪಟ್ಟಿಯ ಕೆಳಗೆ ಮಡಚಿದ ಟವೆಲ್ ಇಡಿ. ಸೊಂಟಕ್ಕೆ ಒಂದು ಪಟ್ಟಿ ಬಿಗಿದರೆ ಭಾರದ ಒಂದು ಪಾಲು ಸೊಂಟಕ್ಕೆ ಇಳಿಯುತ್ತದೆ. ಹೆಗಲು ನೋಯುತ್ತಿರುವವರು ಟ್ಯಾಂಕಿಗೆ 10 ಲೀಟರಷ್ಟೇ ತುಂಬಿ, ಔಷಧಿಯ ಅಳತೆಯನ್ನೂ ಅದಕ್ಕೆ ತಕ್ಕಂತೆ ಇಳಿಸಿ. ಬ್ಯಾಟರಿ ಪಂಪು ಕೊಂಡರೆ ಹಿಡಿಕೆ ಒತ್ತುವ ಕೈ ಪೂರ್ತಿ ಉಳಿಯುತ್ತದೆ. ರೈತ ಸಂಪರ್ಕ ಕೇಂದ್ರದಲ್ಲಿ ಯಂತ್ರೋಪಕರಣಗಳ ಸಹಾಯಧನದ ಬಗ್ಗೆ ವಿಚಾರಿಸಿ. ನಳಿಗೆ ಹಿಡಿಯುವ ಕೈಯನ್ನು ಪ್ರತಿ ಟ್ಯಾಂಕಿಗೆ ಬದಲಿಸಿ. ಮೊದಲೆರಡು ದಿನ ಒರಟೆನಿಸುತ್ತದೆ, ಆಮೇಲೆ ಒಗ್ಗುತ್ತದೆ.

ಚೀಲದ ವಿಷಯದಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲೇ ವಯಸ್ಕ ಗಂಡಸೊಬ್ಬ ಹೊರುವ ಭಾರ 55 ಕಿಲೊ ಮೀರಬಾರದು ಎಂದು ಶಿಫಾರಸು ಮಾಡಿದೆ, ಹೆಂಗಸರಿಗೆ ಅದಕ್ಕಿಂತ ಸಾಕಷ್ಟು ಕಡಿಮೆ. ಯೂರಿಯಾ ಚೀಲ 2018ರಿಂದ 50 ಕಿಲೊದಿಂದ 45ಕ್ಕೆ ಇಳಿದದ್ದು ಹೊರುವವರ ಹೆಗಲಿಗಂತೂ ಒಳಿತಾಯಿತು. ಗೋವಿನಜೋಳವನ್ನು ಮನೆಯಲ್ಲಿ ತುಂಬುವಾಗ ಚೀಲ ಬಿಗಿಯುವ ಮುನ್ನ 55 ಕಿಲೊದ ಮಿತಿ ನೆನಪಿರಲಿ. ಚೀಲವನ್ನು ನೆಲದಿಂದ ಒಬ್ಬರೇ ಎತ್ತಿ ಹೆಗಲಿಗೆ ಎಸೆದುಕೊಳ್ಳುವುದು ಕೆಟ್ಟದ್ದು. ಸೊಂಟದೆತ್ತರದ ಕಟ್ಟೆಗೆ ಇಬ್ಬರು ಏರಿಸಿ, ಅಲ್ಲಿಂದ ಹೆಗಲಿಗೆ ತೆಗೆದುಕೊಳ್ಳಬೇಕು. ಟ್ರ್ಯಾಕ್ಟರಿನ ಮೇಲಕ್ಕೆ ಎಸೆಯುವಾಗಲೇ ಹುರಿ ಹರಿಯುವ ಅಪಾಯ ಹೆಚ್ಚು.

ಅಡುಗೆಮನೆಗೂ ಇದೇ ಲೆಕ್ಕ. ಬಟ್ಟೆ ಒಣಹಾಕುವ ತಂತಿಯನ್ನು ಮುಖದ ಮಟ್ಟಕ್ಕೆ ಇಳಿಸಿ. ದಿನವೂ ಬೇಕಾಗುವ ಡಬ್ಬಿ ಎದೆಯ ಮಟ್ಟದಲ್ಲಿರಲಿ. ಹತ್ತಾರು ರೊಟ್ಟಿ ತಟ್ಟುವವರು, ಅದರಲ್ಲೂ ಖಾನಾವಳಿಗಳಿಗೆ ರೊಟ್ಟಿ ಮಾಡಿಕೊಡುವವರು, ಹೆಗಲನ್ನು ಕಿವಿಯ ಕಡೆ ಏರಿಸಿಕೊಂಡು ತಟ್ಟುತ್ತಿದ್ದಾರೆಯೇ ಎಂದು ಗಮನಿಸಬೇಕು. ತಟ್ಟುವ ಹಲಗೆ ಮೊಣಕೈಗಿಂತ ಕೊಂಚ ಕೆಳಗಿದ್ದರೆ ಹೆಗಲು ತಾನಾಗಿ ಇಳಿಯುತ್ತದೆ.

ದಿನಕ್ಕೆ ಹತ್ತು ನಿಮಿಷ

ನೋವು ಜೋರಾಗಿರುವಾಗ ಕಾಡ್‌ಮನ್ ಹೆಸರಿನ ತೂಗು ವ್ಯಾಯಾಮವೇ ಸಾಕು. ಆರೋಗ್ಯವಂತ ಕೈಯನ್ನು ಕಟ್ಟೆಗೆ ಊರಿ, ಸೊಂಟದಿಂದ ಮುಂದಕ್ಕೆ ಬಾಗಿ, ನೋಯುವ ಕೈಯನ್ನು ಸಡಿಲವಾಗಿ ಕೆಳಗೆ ಬಿಡಿ. ಮೈ ಅಲುಗಿಸಿ ಕೈ ತೂಗಾಡುವಂತೆ ಮಾಡಿ, ಕೈಯ ಶಕ್ತಿ ಬಳಸಬೇಡಿ. ಹಿಂದೆ ಮುಂದೆ, ಅತ್ತ ಇತ್ತ, ಸಣ್ಣ ಸುತ್ತು. ಒಂದು ಹಂತ ದಾಟಿದ ಮೇಲೆ ಗೋಡೆಗೆ ಎದುರಾಗಿ ನಿಂತು ಬೆರಳುಗಳನ್ನು ಗೋಡೆಯ ಮೇಲೆ ಮೇಲಕ್ಕೆ ನಡೆಸಿ, ಇವತ್ತು ತಲುಪಿದಲ್ಲಿ ಸೀಮೆಸುಣ್ಣದ ಗುರುತು ಹಾಕಿ. ಬಿಗಿದ ಹೆಗಲಿಗೆ ಕೋಲಿನ ವ್ಯಾಯಾಮ ಬೇಕು: ಮೊಣಕೈ ಪಕ್ಕೆಗೆ ಅಂಟಿಸಿ ಎರಡೂ ಕೈಯಲ್ಲಿ ಕೋಲು ಹಿಡಿದು, ಚೆನ್ನಾಗಿರುವ ಕೈಯಿಂದ ನೋಯುವ ಕೈಯನ್ನು ಹೊರಕ್ಕೆ ತಳ್ಳಿ. ಟವೆಲನ್ನು ಬೆನ್ನ ಹಿಂದೆ ಮೇಲೆ ಕೆಳಗೆ ಹಿಡಿದು ಎಳೆಯುವುದು ಹೆರಳು ಹಾಕುವ ಚಲನೆಯನ್ನು ಮರಳಿ ತರುತ್ತದೆ. ಎಲ್ಲವೂ ಹತ್ತತ್ತು ಸಲ, ದಿನಕ್ಕೆ ಎರಡು ಮೂರು ಬಾರಿ. ಬಿಸಿನೀರಿನ ಸ್ನಾನದ ನಂತರ ಮಾಡಿದರೆ ಸುಲಭ. ಮಾಡುವಾಗ ಹಿಡಿತ, ಎಳೆತ ಇದ್ದೇ ಇರುತ್ತದೆ. ಮರುದಿನ ಬೆಳಿಗ್ಗೆಯೂ ನೋವು ಹೆಚ್ಚೇ ಇದ್ದರೆ ಅರ್ಧಕ್ಕೆ ಇಳಿಸಿ, ನಿಲ್ಲಿಸಬೇಡಿ.

ನೋವು ತಗ್ಗಿದ ಮೇಲೆ ಸ್ನಾಯು ಗಟ್ಟಿಯಾಗಬೇಕು, ಜನ ಬಿಟ್ಟುಬಿಡುವುದು ಇದನ್ನೇ. ಹಳೆಯ ಸೈಕಲ್ ಟ್ಯೂಬನ್ನು ಸೀಳಿ ಕಿಟಕಿಯ ಸರಳಿಗೆ ಕಟ್ಟಿ. ಮೊಣಕೈ ಪಕ್ಕೆಗೆ ಅಂಟಿಸಿ ಅದನ್ನು ಹೊರಕ್ಕೆ ಎಳೆದರೆ ಇನ್‌ಫ್ರಾಸ್ಪೈನೇಟಸ್ ಮತ್ತು ಟೆರಿಸ್ ಮೈನರ್, ಒಳಕ್ಕೆ ಎಳೆದರೆ ಸಬ್‌ಸ್ಕ್ಯಾಪುಲಾರಿಸ್ ಬಲಿಯುತ್ತವೆ. ಎರಡೂ ಕೈಯಿಂದ ಟ್ಯೂಬನ್ನು ಹೊಟ್ಟೆಯ ಕಡೆ ಎಳೆದು ರೆಕ್ಕೆ ಎಲುಬುಗಳನ್ನು ಒಂದಕ್ಕೊಂದು ಹತ್ತಿರ ತಂದರೆ ರಾಂಬಾಯ್ಡ್. ಗೋಡೆಗೆ ಕೈ ಊರಿ ದಂಡ ಹೊಡೆದರೆ ಸೆರೇಟಸ್. ಫಲ ಕಾಣಲು ಆರರಿಂದ ಹನ್ನೆರಡು ವಾರ ಬೇಕು.

ಮಲಗುವಾಗ ನೋಯುವ ಮಗ್ಗುಲು ಬಿಡಿ. ಅಂಗಾತ ಮಲಗಿ ಮೊಣಕೈ ಕೆಳಗೆ ಮಡಚಿದ ಹೊದಿಕೆ ಇಟ್ಟರೆ ತೋಳು ಹಿಂದಕ್ಕೆ ಜೋಲುವುದಿಲ್ಲ.

ಔಷಧಿಯ ಬಗ್ಗೆ ಎರಡು ಮಾತು. ಪ್ಯಾರಾಸಿಟಮಾಲ್‌ನಿಂದ ಶುರು ಮಾಡಬಹುದು. ಡೈಕ್ಲೋಫೆನಾಕ್, ಐಬುಪ್ರೊಫೆನ್‌ಗಳನ್ನು ಅಂಗಡಿಯಿಂದ ತಂದು ವಾರಗಟ್ಟಲೆ ನುಂಗುವುದು ಹೊಟ್ಟೆಗೂ ಮೂತ್ರಪಿಂಡಕ್ಕೂ ಅಪಾಯ. ಬಿಪಿ, ಹುಣ್ಣು, ಹೃದ್ರೋಗ ಇದ್ದವರು ಕೇಳದೆ ಮುಟ್ಟಬಾರದು. ಹೆಸರು, ಲೇಬಲ್ ಇಲ್ಲದ ಪುಡಿ ಮತ್ತು ಗುಳಿಗೆ ತೆಗೆದುಕೊಂಡು ಎರಡೇ ದಿನದಲ್ಲಿ ನೋವು ಮಾಯವಾದರೆ ಹಿಗ್ಗಬೇಡಿ. ಅಂಥವುಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದು ಪರೀಕ್ಷೆಗಳಲ್ಲಿ ಸಿಕ್ಕಿದೆ, ಸಕ್ಕರೆ ಮತ್ತು ಎಲುಬಿಗೆ ಅದು ಹಾನಿ. ತಜ್ಞರು ಕೀಲಿನೊಳಗೆ ಕೊಡುವ ಸ್ಟೀರಾಯ್ಡ್ ಚುಚ್ಚುಮದ್ದು ಬೇರೆ. ಬಿಗಿದ ಹೆಗಲಿನ ಮೊದಲ ಹಂತದಲ್ಲಿ ಅದು ನೋವನ್ನು ಚೆನ್ನಾಗಿ ತಗ್ಗಿಸಿ ವ್ಯಾಯಾಮಕ್ಕೆ ದಾರಿ ಮಾಡುತ್ತದೆ. ಸಕ್ಕರೆ ಇದ್ದವರು ಚುಚ್ಚಿಸಿಕೊಂಡ ನಂತರ ವಾರದವರೆಗೆ ಸಕ್ಕರೆ ನೋಡಿಕೊಳ್ಳಬೇಕು. ಚುಚ್ಚುಮದ್ದಿನಿಂದ ನೋವು ಹೋಯಿತೆಂದು ಮರುದಿನವೇ ಚೀಲ ಹೊರುವುದು ಹುರಿಗೆ ಕೇಡು.

ಮನೆಯ ಆರೈಕೆಯಲ್ಲಿ ನಾಲ್ಕಾರು ವಾರ ಕಳೆದರೂ ಇಳಿಯದಿದ್ದರೆ ಹಿರೇಕೆರೂರಿನ ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿ. ಹೆಚ್ಚಿನ ಪರೀಕ್ಷೆಗೆ ಹಾವೇರಿಯ ಜಿಲ್ಲಾ ಆಸ್ಪತ್ರೆ, ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್), ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗಳಿವೆ. ಹೋಗುವಾಗ ಯಾವ ಚಲನೆಯಲ್ಲಿ ನೋವು, ರಾತ್ರಿ ಹೇಗಿರುತ್ತದೆ, ಏಟು ಬಿದ್ದಿತ್ತೇ, ಸಕ್ಕರೆ ಎಷ್ಟಿದೆ ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಫಿಸಿಯೋಥೆರಪಿಗೆ ಬರೆದುಕೊಟ್ಟರೆ ಒಂದೆರಡು ಸಲ ಹೋಗಿ ಬಿಡದೆ, ವ್ಯಾಯಾಮ ಕಲಿತು ಮನೆಯಲ್ಲಿ ಮುಂದುವರಿಸಿ. ಕಳೆದ ವರ್ಷ ಸಿಂಪರಣೆಯ ಕಾಲದಲ್ಲಿ ಹೆಗಲು ನೋಯಿಸಿಕೊಂಡವರು ಟ್ಯೂಬಿನ ವ್ಯಾಯಾಮವನ್ನು ಏಪ್ರಿಲ್ ತಿಂಗಳಲ್ಲೇ ಹಿಡಿದರೆ, ಜುಲೈನಲ್ಲಿ ಪಂಪು ಏರುವ ಹೊತ್ತಿಗೆ ಹನ್ನೆರಡು ವಾರ ತುಂಬಿರುತ್ತದೆ.